ಸವೆದ ಎಂಜಿನ್ನೂ ಅದಕ್ಕೆ ತಕ್ಕ ಕೀಲೆಣ್ಣೆಯೂ

ಕಲ್ಕತ್ತೆಯ ಸಮೀಪದ ಉತ್ತರಪಾರದ ಕಾರ್ಖಾನೆಯಲ್ಲಿ 1957ರಿಂದ ತಯಾರಾಗುತ್ತ ಬಂದ ಅಂಬಾಸಡರ್ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧಾರವಾಗಿಟ್ಟುಕೊಂಡು ರಚಿತವಾದ ಈ ವಾಹನವು ಅರ್ಧ ಶತಮಾನಕ್ಕೂ ಮಿಕ್ಕಿ ನಮ್ಮ ರಸ್ತೆಗಳಲ್ಲಿ ದುಡಿಯಿತು. ಇಂದು ಉಳಿದಿರುವ ಅಂಬಾಸಡರುಗಳಲ್ಲಿ ಅನೇಕವು ಲಕ್ಷ, ಎರಡು ಲಕ್ಷ ಕಿಲೋಮೀಟರುಗಳನ್ನು ಕ್ರಮಿಸಿದವು. ತಂದೆಯಿಂದ ಮಗನಿಗೆ ಬಂದ ಆಸ್ತಿಯಂತೆ ಅವುಗಳನ್ನು ಕಾಪಾಡಿಕೊಂಡು ಬರುತ್ತಿರುವವರೂ ಇದ್ದಾರೆ. ಇಂತಹ ಕಾರಿನ ಒಡೆಯನನ್ನು ಪದೇ ಪದೇ ಕಾಡುವ ಪ್ರಶ್ನೆಯೊಂದುಂಟು: ಸವೆದ ಎಂಜಿನ್ನಿಗೆ ಎಂತಹ ಎಣ್ಣೆಯನ್ನು ಹಾಕಬೇಕು?

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಸುಲಭವಾಗಿ ದೊರೆಯುತ್ತವೆ. ಗ್ಯಾರೇಜಿನ ಮೇಸ್ತ್ರಿಯು “ಎಂಜಿನ್ ಹಳತಾಯಿತು, ದಪ್ಪ ಎಣ್ಣೆ ಹಾಕಿ” ಎನ್ನುತ್ತಾನೆ. ಅಂಗಡಿಯವನು “ಈಗ ಬಂದಿರುವ ಹೊಸ ಎಣ್ಣೆಯೇ ಎಲ್ಲಕ್ಕಿಂತ ಉತ್ತಮ” ಎಂದು ಬೆಲೆ ಹೆಚ್ಚಾದ ಡಬ್ಬಿಯನ್ನು ಮುಂದಿಡುತ್ತಾನೆ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಯಾವುದೊಂದನ್ನೂ ವಿಚಾರಿಸದೆ ಅನುಸರಿಸಿದರೆ ಎಂಜಿನ್ನಿಗೆ ಹಾನಿಯಾಗುವ ಸಂಭವವೂ ಇದೆ. ಕಾರು ತಯಾರಾಗುವುದು ನಿಂತುಹೋಗಿರುವುದರಿಂದ, ಕೆಟ್ಟ ಭಾಗವನ್ನು ಬದಲಾಯಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಆದಕಾರಣ ಈ ವಿಷಯ ಕೇವಲ ಕುತೂಹಲದ್ದಲ್ಲ. ಭೌತ ಮತ್ತು ರಸಾಯನ ಶಾಸ್ತ್ರಗಳ ಸಾಮಾನ್ಯ ತತ್ತ್ವಗಳನ್ನು ಬಳಸಿ ಇದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವುದು 1959ರ ಸುಮಾರಿಗೆ ಅಂಬಾಸಡರಿಗೆ ಅಳವಡಿಸಲ್ಪಟ್ಟ, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಗೆ ಸೇರಿದ, 1489 ಘನ ಸೆಂಟಿಮೀಟರ್ ಗಾತ್ರದ ಪೆಟ್ರೋಲ್ ಎಂಜಿನ್ನು.

ಕೀಲೆಣ್ಣೆಯ ಎರಡು ಕೆಲಸಗಳು

1883ರಲ್ಲಿ ಇಂಗ್ಲೆಂಡಿನ ಬೋಚಂಪ್ ಟವರ್ ಎಂಬ ಎಂಜಿನಿಯರು ರೈಲ್ವೆ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡನು. ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದಿದ್ದ ರಂಧ್ರದಿಂದ ಎಣ್ಣೆ ಮೇಲಕ್ಕೆ ಉಕ್ಕಿತು; ರಂಧ್ರಕ್ಕೆ ಬಿರಡೆ ಹಾಕಿದರೆ ಎಣ್ಣೆಯು ಅದನ್ನೂ ಹೊರಕ್ಕೆ ತಳ್ಳಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿನೊಳಕ್ಕೆ ಎಳೆದುಕೊಂಡು ಅಲ್ಲಿ ಅಪಾರವಾದ ಒತ್ತಡವನ್ನು ಉಂಟುಮಾಡುತ್ತದೆ ಎಂಬುದು ಇದರಿಂದ ವ್ಯಕ್ತವಾಯಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸನು ಇದಕ್ಕೆ ಗಣಿತದ ವಿವರಣೆಯನ್ನು ನೀಡಿದನು. ಚಲಿಸುತ್ತಿರುವ ಎರಡು ಲೋಹಗಳ ನಡುವೆ ಎಣ್ಣೆಯ ತೆಳು ಪೊರೆಯೊಂದು ಏರ್ಪಟ್ಟು, ಭಾರವನ್ನೆಲ್ಲ ಆ ಪೊರೆಯೇ ಹೊರುತ್ತದೆ; ಲೋಹವು ಲೋಹವನ್ನು ಮುಟ್ಟುವುದೇ ಇಲ್ಲ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳು ಕೆಲಸ ಮಾಡುವುದು ಈ ರೀತಿಯಲ್ಲಿ. ಇಲ್ಲಿ ಮುಖ್ಯವಾಗಿ ಬೇಕಾದುದು ಎಣ್ಣೆಯ ಸ್ನಿಗ್ಧತೆ, ಎಂದರೆ ಹರಿಯುವಾಗ ಅದು ಒಡ್ಡುವ ತಡೆ.

ಆದರೆ ಎಂಜಿನ್ನಿನ ಎಲ್ಲ ಭಾಗಗಳಲ್ಲಿಯೂ ಈ ಪೊರೆ ಉಳಿಯಲಾರದು. ವಾಲ್ವುಗಳನ್ನು ಎತ್ತುವ ಕ್ಯಾಮಿನ ಮೂತಿಯು ಚಪ್ಪಟೆ ತಳದ ಟ್ಯಾಪೆಟ್ಟಿನ ಮೇಲೆ ಉಜ್ಜಿಕೊಂಡು ಸಾಗುವಾಗ ಇಡೀ ಭಾರವು ಒಂದು ಕಿರಿದಾದ ಗೆರೆಯ ಮೇಲೆ ಬೀಳುತ್ತದೆ. ಪಿಸ್ಟನ್ ರಿಂಗುಗಳು ಸಿಲಿಂಡರಿನ ತುತ್ತತುದಿಯಲ್ಲಿ ದಿಕ್ಕು ಬದಲಾಯಿಸುವಾಗ ಕ್ಷಣಕಾಲ ಅವುಗಳ ವೇಗ ಸೊನ್ನೆಯಾಗುತ್ತದೆ. ಇಂತಹ ಎಡೆಗಳಲ್ಲಿ ಪೊರೆಯು ಹರಿದು, ಲೋಹದ ಮೇಲ್ಮೈಗೆ ಅಂಟಿಕೊಂಡಿರುವ ರಾಸಾಯನಿಕ ಲೇಪವೊಂದೇ ರಕ್ಷಣೆಯಾಗಿ ಉಳಿಯುತ್ತದೆ. ಆದುದರಿಂದ ಒಂದೇ ಎಣ್ಣೆಯಿಂದ ನಾವು ಎರಡು ಬೇರೆ ಬೇರೆ ಗುಣಗಳನ್ನು ಬೇಡುತ್ತೇವೆ: ಬೇರಿಂಗುಗಳಿಗಾಗಿ ತಕ್ಕ ಸ್ನಿಗ್ಧತೆ, ಕ್ಯಾಮು ಟ್ಯಾಪೆಟ್ಟುಗಳಿಗಾಗಿ ತಕ್ಕ ರಸಾಯನ. ದಪ್ಪ ಎಣ್ಣೆಯನ್ನು ಬೇಡುವ ಮೇಸ್ತ್ರಿಯು ಮೊದಲನೆಯದನ್ನು ಮಾತ್ರ ಗಮನಿಸುತ್ತಾನೆ. ಹೊಸತನ್ನು ಹೊಗಳುವ ಅಂಗಡಿಯವನು ಎರಡನೆಯದನ್ನು ಮರೆಯುತ್ತಾನೆ.

ಡಬ್ಬಿಯ ಮೇಲಣ ಅಂಕಿಗಳು

ಅಮೆರಿಕೆಯ ಮೋಟಾರು ಎಂಜಿನಿಯರುಗಳ ಸಂಘವಾದ ಎಸ್.ಎ.ಇ.ಯು ಎಣ್ಣೆಗಳನ್ನು ಸ್ನಿಗ್ಧತೆಗೆ ಅನುಗುಣವಾಗಿ ದರ್ಜೆಗಳಾಗಿ ವಿಂಗಡಿಸಿದೆ. 100 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ ಸ್ನಿಗ್ಧತೆಯುಳ್ಳದ್ದು 30ನೆಯ ದರ್ಜೆ, 12.5ರಿಂದ 16.3ರವರೆಗಿನದು 40ನೆಯದು, 16.3ರಿಂದ 21.9ರವರೆಗಿನದು 50ನೆಯದು; 21.9ರಿಂದ 26.1ರವರೆಗಿನದು 60ನೆಯದು. 20ಡಬ್ಲ್ಯು-50 ಎಂಬಂತೆ ಎರಡು ಅಂಕಿಗಳಿದ್ದರೆ, ಮೊದಲನೆಯದು ಚಳಿಯಲ್ಲಿ ಎಂಜಿನ್ನನ್ನು ಹೊರಡಿಸುವಾಗಿನ ವರ್ತನೆಯನ್ನೂ ಎರಡನೆಯದು ಬಿಸಿಯಾದ ಮೇಲಣ ಸ್ನಿಗ್ಧತೆಯನ್ನೂ ಸೂಚಿಸುತ್ತವೆ.

ಮೊದಲ ಅಂಕಿಯ ವಿಷಯದಲ್ಲಿ ನಮ್ಮ ನಾಡಿನವರು ಹೆಚ್ಚು ಚಿಂತಿಸಬೇಕಾಗಿಲ್ಲ. 20ಡಬ್ಲ್ಯು ದರ್ಜೆಯ ಪರೀಕ್ಷೆ ನಡೆಯುವುದು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. 0ಡಬ್ಲ್ಯು ಅಥವಾ 5ಡಬ್ಲ್ಯು ಎಣ್ಣೆಗಳು ಹಿಮ ಬೀಳುವ ದೇಶಗಳ ಅವಶ್ಯಕತೆಗೆ ಹುಟ್ಟಿದವು. ಮೈಸೂರಿನಲ್ಲಿಯೋ ರಾಯಚೂರಿನಲ್ಲಿಯೋ ಅವುಗಳಿಗಾಗಿ ಹೆಚ್ಚಿನ ಹಣ ತೆರುವುದರಿಂದ ಹಳೆಯ ಎಂಜಿನ್ನಿಗೆ ವಿಶೇಷ ಪ್ರಯೋಜನವಿಲ್ಲ.

ದಪ್ಪ ಎಣ್ಣೆಯಿಂದ ಆಗುವುದೆಷ್ಟು?

ಈಗ ಮೇಸ್ತ್ರಿಯ ಸಲಹೆಯನ್ನು ಲೆಕ್ಕಕ್ಕೆ ಒಡ್ಡಿ ನೋಡೋಣ. ಎಂಜಿನ್ ಸವೆದಂತೆ ಬೇರಿಂಗಿನ ಸಂದು ಅಗಲವಾಗುತ್ತದೆ. ಕಿರಿದಾದ ಸಂದಿನ ಮೂಲಕ ಹೊರಕ್ಕೆ ಸೋರುವ ಎಣ್ಣೆಯ ಪ್ರಮಾಣವು ಒತ್ತಡಕ್ಕೆ ಅನುಪಾತದಲ್ಲಿಯೂ, ಸ್ನಿಗ್ಧತೆಗೆ ವಿಲೋಮ ಅನುಪಾತದಲ್ಲಿಯೂ, ಸಂದಿನ ಅಗಲದ ಘನಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಹೊಸದಾಗಿದ್ದಾಗ 0.05 ಮಿಲಿಮೀಟರ್ ಇದ್ದ ಸಂದು ಸವೆದು 0.075 ಮಿಲಿಮೀಟರ್ ಆಯಿತೆಂದು ಭಾವಿಸೋಣ. ಅಗಲ ಒಂದೂವರೆ ಪಟ್ಟಾಯಿತು; ಅದರ ಘನವು ಸುಮಾರು 3.4 ಪಟ್ಟು. ಎಣ್ಣೆಯ ಪಂಪು ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಎಣ್ಣೆಯನ್ನು ನೂಕುವುದರಿಂದ, ಬೇರಿಂಗುಗಳೆಲ್ಲ ಹೀಗೆಯೇ ಸವೆದಿದ್ದರೆ ಮಾಪಕದಲ್ಲಿ ಕಾಣುವ ಒತ್ತಡವು ಮೊದಲಿನ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಬೇಕು.

ಇದನ್ನು ಸರಿದೂಗಿಸಲು 40ನೆಯ ದರ್ಜೆಯನ್ನು ಬಿಟ್ಟು 50ನೆಯದನ್ನು ಹಾಕಿದರೆ ದೊರೆಯುವ ಲಾಭವೆಷ್ಟು? ಎರಡೂ ದರ್ಜೆಗಳ ಮಧ್ಯಮಾನಗಳಾದ 14.4 ಮತ್ತು 19.1 ಸೆಂಟಿಸ್ಟೋಕುಗಳನ್ನು ಹೋಲಿಸಿದರೆ ಸ್ನಿಗ್ಧತೆ 1.33 ಪಟ್ಟು ಹೆಚ್ಚುತ್ತದೆ. 60ನೆಯ ದರ್ಜೆಗೆ ಹೋದರೂ 1.67 ಪಟ್ಟಿಗಿಂತ ಹೆಚ್ಚಿನದೇನೂ ಸಿಗದು. 3.4 ಪಟ್ಟಿನ ನಷ್ಟವನ್ನು 1.33 ಪಟ್ಟಿನ ಲಾಭದಿಂದ ತುಂಬಲಾಗದು. ನಿಜವಾದ ಎಂಜಿನ್ನಿನಲ್ಲಿ ಅಚ್ಚು ಸಂದಿನ ನಡುಮಧ್ಯದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಈ ಲೆಕ್ಕ ಸ್ಥೂಲವಾದದ್ದು. ಆದರೂ ಅದರ ತಾತ್ಪರ್ಯ ಸ್ಪಷ್ಟವಾಗಿದೆ. ಸವೆತವು ಘನದ ಲೆಕ್ಕದಲ್ಲಿ ಕಳೆಯುತ್ತದೆ; ಎಣ್ಣೆಯು ಸಾಮಾನ್ಯ ಅನುಪಾತದಲ್ಲಿ ಕೂಡುತ್ತದೆ. ಅಲ್ಪ ಸವೆತಕ್ಕೆ ಒಂದು ದರ್ಜೆ ದಪ್ಪವಾದ ಎಣ್ಣೆ ನೆರವಾದೀತು. ಅತಿಯಾದ ಸವೆತಕ್ಕೆ ಯಾವ ಎಣ್ಣೆಯೂ ಔಷಧವಲ್ಲ.

ಇಲ್ಲಿ ಉಷ್ಣತೆಯ ಪ್ರಭಾವವನ್ನೂ ಗಮನಿಸತಕ್ಕದ್ದು. 100 ಡಿಗ್ರಿಯ ಆಸುಪಾಸಿನಲ್ಲಿ ಎಣ್ಣೆಯ ಉಷ್ಣತೆ 10 ಡಿಗ್ರಿ ಏರಿದರೆ ಸ್ನಿಗ್ಧತೆಯು ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಎಂದರೆ ಒಂದು ದರ್ಜೆ ಮೇಲೇರಿ ಗಳಿಸಿದ್ದೆಲ್ಲವೂ ಹನ್ನೆರಡು ಹದಿಮೂರು ಡಿಗ್ರಿಗಳ ಬಿಸಿಯಲ್ಲಿ ಕರಗಿಹೋಗುತ್ತದೆ. ರೇಡಿಯೇಟರಿನ ಕೊಳವೆಗಳಲ್ಲಿ ಉಪ್ಪುನೀರಿನ ಗಸಿ ಕಟ್ಟಿಕೊಂಡಿರುವ ಕಾರಿಗೆ ದಪ್ಪ ಎಣ್ಣೆ ಹಾಕುವುದಕ್ಕಿಂತ ರೇಡಿಯೇಟರನ್ನು ಶುದ್ಧಿಮಾಡಿಸುವುದು ಎಷ್ಟೋ ಮೇಲು.

ದಪ್ಪ ಎಣ್ಣೆಯಿಂದ ನಷ್ಟವೂ ಉಂಟು. ಮಾಪಕವು ತೋರಿಸುವುದು ಹರಿವಿಗೆ ಇರುವ ತಡೆಯನ್ನೇ ಹೊರತು ಬೇರಿಂಗಿಗೆ ತಲುಪಿದ ಎಣ್ಣೆಯ ಪ್ರಮಾಣವನ್ನಲ್ಲ. ಬೆಳಗ್ಗೆ ತಣ್ಣಗಿರುವ ಎಂಜಿನ್ನನ್ನು ಹೊರಡಿಸಿದಾಗ ಅತಿ ದಪ್ಪವಾದ ಎಣ್ಣೆಯು ಒತ್ತಡವನ್ನು ಥಟ್ಟನೆ ಏರಿಸುತ್ತದೆ. ಒತ್ತಡ ಮಿತಿಮೀರದಂತೆ ಕಾಯುವ ವಾಲ್ವು ತೆರೆದುಕೊಂಡು ಎಣ್ಣೆಯ ಬಹುಭಾಗ ತಳದ ತೊಟ್ಟಿಗೆ ಹಿಂದಿರುಗುತ್ತದೆ. ಮುಳ್ಳು ಮೇಲಿದೆಯೆಂದು ಚಾಲಕನು ಸಂತೋಷಪಡುತ್ತಿರುವಾಗಲೇ ಮೇಲಿರುವ ವಾಲ್ವುಗಳ ತೊಡರುಗೋಲುಗಳು ಎಣ್ಣೆಗಾಗಿ ಕಾದು ಒಣಗಿ ಉಜ್ಜಿಕೊಳ್ಳುತ್ತಿರಬಹುದು.

ಸತು ಮತ್ತು ರಂಜಕದ ವಿಚಾರ

ಇನ್ನು ಎಣ್ಣೆಯ ರಸಾಯನಕ್ಕೆ ಬರೋಣ. 1940ರ ದಶಕದಿಂದ ಈಚೆಗೆ ಎಂಜಿನ್ ಎಣ್ಣೆಗಳಿಗೆ ಸತು, ರಂಜಕ ಮತ್ತು ಗಂಧಕಗಳನ್ನು ಒಳಗೊಂಡ ಸಂಯುಕ್ತವೊಂದನ್ನು ಬೆರೆಸುತ್ತ ಬಂದಿದ್ದಾರೆ. ಜಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್ ಎಂಬುದು ಅದರ ಹೆಸರು. ಎಣ್ಣೆಯು ಆಮ್ಲಜನಕದೊಡನೆ ಕೂಡಿ ಕೆಡುವುದನ್ನು ಇದು ತಡೆಯುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಕ್ಯಾಮು ಟ್ಯಾಪೆಟ್ಟನ್ನು ಉಜ್ಜುವ ಕಡೆಯಲ್ಲಿ ಉಂಟಾಗುವ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಒಡೆದು, ಲೋಹದ ಮೇಲೆ ಗಾಜಿನಂತಹ ಫಾಸ್ಫೇಟ್ ಲೇಪವನ್ನು ಕಟ್ಟುತ್ತದೆ. ಇದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಲೋಹಕ್ಕೆ ಬದಲಾಗಿ ಈ ಲೇಪವೇ ಸವೆಯುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ.

ಅಮೆರಿಕೆಯಲ್ಲಿ 1975ರ ಮಾದರಿಯ ಕಾರುಗಳಿಂದ ಮೊದಲುಗೊಂಡು ಹೊಗೆಯನ್ನು ಶುದ್ಧೀಕರಿಸುವ ಕ್ರಿಯಾವರ್ಧಕ ಪೆಟ್ಟಿಗೆಗಳು ಬಳಕೆಗೆ ಬಂದವು. ಸುಟ್ಟ ಎಣ್ಣೆಯೊಡನೆ ಹೊರಬೀಳುವ ರಂಜಕವು ಈ ಪೆಟ್ಟಿಗೆಯ ಕ್ರಿಯಾವರ್ಧಕವನ್ನು ಮುಚ್ಚಿ ನಿಷ್ಪ್ರಯೋಜಕವಾಗಿಸುತ್ತದೆಯಾದ ಕಾರಣ, ಎಣ್ಣೆಯಲ್ಲಿನ ರಂಜಕಕ್ಕೆ ಮಿತಿಯನ್ನು ವಿಧಿಸಲಾಯಿತು. ಈ ಮಿತಿಯು 1996ರ ಹೊತ್ತಿಗೆ ನೂರಕ್ಕೆ 0.10 ಭಾಗಕ್ಕೂ 2004ರಲ್ಲಿ 0.08 ಭಾಗಕ್ಕೂ ಇಳಿಯಿತು. ಹೊಸ ಎಂಜಿನ್ನುಗಳಲ್ಲಿ ಟ್ಯಾಪೆಟ್ಟಿನ ತುದಿಗೆ ಉರುಳುವ ಗಾಲಿಗಳನ್ನು ಅಳವಡಿಸಿ ಉಜ್ಜುವಿಕೆಯನ್ನು ಕಡಿಮೆಮಾಡುವ ರೂಢಿ ಹರಡಿರುವುದರಿಂದ ಅವುಗಳಿಗೆ ಇದರಿಂದ ಬಾಧೆಯಿಲ್ಲ. ಅಂಬಾಸಡರಿನ 1489 ಘನ ಸೆಂಟಿಮೀಟರ್ ಎಂಜಿನ್ನಿನ ಟ್ಯಾಪೆಟ್ಟುಗಳಿಗಾದರೋ ಅಂತಹ ಗಾಲಿಗಳಿಲ್ಲ. ಕ್ಯಾಮಿನ ಗಟ್ಟಿಗೊಳಿಸಿದ ಮೇಲ್ಪದರ ಒಮ್ಮೆ ಹರಿದರೆ ಒಳಗಿನ ಮೆದುವಾದ ಲೋಹ ಬಹುಬೇಗ ಸವೆದುಹೋಗುತ್ತದೆ.

ಈ ಮಿತಿಯ ಬಗ್ಗೆ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. 2004ರ ಮಿತಿಯು ಅನ್ವಯಿಸುವುದು ಇಂಧನದ ಉಳಿತಾಯಕ್ಕಾಗಿ ರೂಪಿಸಿದ 5ಡಬ್ಲ್ಯು-30, 10ಡಬ್ಲ್ಯು-30 ಮೊದಲಾದ ತೆಳು ದರ್ಜೆಗಳಿಗೆ ಮಾತ್ರ. 15ಡಬ್ಲ್ಯು-40, 20ಡಬ್ಲ್ಯು-50 ದರ್ಜೆಗಳಿಗೆ ಆ ಕಟ್ಟು ಇಲ್ಲ. ನಮ್ಮ ಹವೆಗೂ ಹಳೆಯ ಎಂಜಿನ್ನಿಗೂ ಒಗ್ಗುವ ದರ್ಜೆಗಳೇ ಈ ಮಿತಿಯಿಂದ ಹೊರಗಿರುವುದು ನಮಗೆ ಅನುಕೂಲವೇ ಸರಿ. ಆದರೆ ಮಿತಿಯಿಲ್ಲವೆಂದ ಮಾತ್ರಕ್ಕೆ ರಂಜಕವು ತಾನಾಗಿಯೇ ಹೆಚ್ಚಾಗಿರುತ್ತದೆಂದು ಭಾವಿಸಲಾಗದು. ತಯಾರಕರು ಪ್ರಕಟಿಸುವ ಗುಣಪಟ್ಟಿಯನ್ನು ಓದಿ, ರಂಜಕವು ನೂರಕ್ಕೆ 0.10ರಿಂದ 0.12 ಭಾಗದವರೆಗೆ ಇರುವ ಎಣ್ಣೆಯನ್ನು ಆರಿಸುವುದು ಲೇಸು. ಇದಕ್ಕಿಂತ ಹೆಚ್ಚಾದಷ್ಟೂ ಒಳ್ಳೆಯದೆಂದು ಬೇರೆ ಸೀಸೆಗಳಿಂದ ಸತುವಿನ ಸಂಯುಕ್ತವನ್ನು ಸುರಿಯುವುದು ಸಲ್ಲದು. ಮಿತಿಮೀರಿದ ಸಂಯುಕ್ತವು ತಾನೇ ಲೋಹವನ್ನು ಕೊರೆಯತೊಡಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. 1995ರಲ್ಲಿ ಭಾರತದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ರಿಯಾವರ್ಧಕ ಪೆಟ್ಟಿಗೆ ಕಡ್ಡಾಯವಾಯಿತು. ಅಂತಹ ಪೆಟ್ಟಿಗೆಯುಳ್ಳ ಈಚಿನ ಅಂಬಾಸಡರುಗಳಿಗೂ, 1990ರ ದಶಕದಲ್ಲಿ ಬಂದ ಇಸುಜು ಎಂಜಿನ್ನಿನ ಮಾದರಿಗಳಿಗೂ ಮೇಲಿನ ಮಾತು ಹಾಗೆಯೇ ಅನ್ವಯಿಸದು. ಅವುಗಳಿಗೆ ತಯಾರಕರ ಕೈಪಿಡಿಯೇ ಪ್ರಮಾಣ.

ಸೋರಿಕೆ, ಕಿಲುಬು ಮತ್ತು ‘ಹೆಚ್ಚು ಓಡಿದ’ ಎಂಜಿನ್ನಿನ ಎಣ್ಣೆಗಳು

ಹೆಚ್ಚು ಓಡಿದ ಎಂಜಿನ್ನುಗಳಿಗೆಂದೇ ಮಾರುವ ಎಣ್ಣೆಗಳೂ ಈಗ ಬಂದಿವೆ. ಅವುಗಳಲ್ಲಿ ರಬ್ಬರ್ ಮುದ್ರೆಗಳನ್ನು ಕೊಂಚ ಉಬ್ಬಿಸಿ ಮೆದುಗೊಳಿಸುವ ಎಸ್ಟರ್ ಮುಂತಾದ ದ್ರವಗಳು ಬೆರೆತಿರುತ್ತವೆ. ವಯಸ್ಸಿನಿಂದ ಬಿರುಸಾದ ರಬ್ಬರಿನ ಅಂಚಿನಿಂದ ಎಣ್ಣೆ ಜಿನುಗುತ್ತಿದ್ದರೆ ಇವುಗಳಿಂದ ಕೆಲಮಟ್ಟಿಗೆ ಉಪಶಮನ ದೊರೆಯಬಹುದು. ಆದರೆ ಸೋರಿಕೆಯ ಮೂಲವನ್ನು ಮೊದಲು ತಿಳಿಯಬೇಕು. ‘ಬಿ’ ಶ್ರೇಣಿಯ ಮೂರು ಬೇರಿಂಗುಗಳ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಹಿಂತುದಿಗೆ ರಬ್ಬರ್ ಮುದ್ರೆಯೇ ಇಲ್ಲ. ಶಾಫ್ಟಿನ ಮೇಲೆ ಕೊರೆದಿರುವ ತಿರುಪಿನಂತಹ ಗೆರೆಯು ಎಣ್ಣೆಯನ್ನು ಒಳಕ್ಕೆ ಹಿಂದಿರುಗಿಸುತ್ತದೆ. ಅಲ್ಲಿಂದ ಸೋರುವ ಎಣ್ಣೆಗೆ ರಬ್ಬರನ್ನು ಮೆದುಗೊಳಿಸುವ ದ್ರವವು ಏನು ತಾನೇ ಮಾಡೀತು? ಎಂಜಿನ್ನಿನ ಒಳಗಿನ ಆವಿ ಹೊರಹೋಗುವ ಉಸಿರುಕೊಳವೆ ಕಟ್ಟಿಕೊಂಡು, ಒಳಗೆ ಒತ್ತಡ ಹೆಚ್ಚಿ ಎಣ್ಣೆ ಹಿಂದಿನಿಂದ ಹೊರಬರುತ್ತಿರುವುದೂ ಉಂಟು. ಆಗ ಕೊಳವೆಯನ್ನು ಶುದ್ಧಿಮಾಡುವುದೇ ಪರಿಹಾರ.

ಕೊಳೆಯನ್ನು ಕರಗಿಸುವ ಗುಣವುಳ್ಳ ಎಣ್ಣೆಯ ವಿಷಯದಲ್ಲಿಯೂ ವಿವೇಕ ಬೇಕು. ಬಹುಕಾಲ ನಿಂತಿದ್ದ ಅಥವಾ ಕೀಳು ಎಣ್ಣೆಯಲ್ಲಿ ಓಡಿದ ಎಂಜಿನ್ನಿನ ತಳದಲ್ಲಿ ಕಪ್ಪು ಕೆಸರು ಮಡುಗಟ್ಟಿರುತ್ತದೆ. ಉತ್ತಮವಾದ ಹೊಸ ಎಣ್ಣೆ ಬಿದ್ದೊಡನೆ ಅದು ಕದಡಿ, ಪಂಪಿನ ಜಾಲರಿಗೆ ಅಡರಿಕೊಳ್ಳಬಹುದು. ಇದರಿಂದ ಹೊಸ ಎಣ್ಣೆಯೇ ಕೆಟ್ಟದ್ದೆಂಬ ಅಪವಾದ ಹುಟ್ಟಿದೆ. ತಳದ ತೊಟ್ಟಿಯನ್ನು ಒಮ್ಮೆ ಬಿಚ್ಚಿಸಿ ತೊಳೆಸಿ, ಮೊದಲ ಬಾರಿಯ ಎಣ್ಣೆಯನ್ನೂ ಫಿಲ್ಟರನ್ನೂ ಸಾವಿರ ಕಿಲೋಮೀಟರುಗಳೊಳಗೆ ಬದಲಾಯಿಸಿದರೆ ಈ ಭಯಕ್ಕೆ ಆಸ್ಪದವಿಲ್ಲ. ಹಾಗೆಂದು ಕೊಳೆ ಕರಗಿಸುವ ದ್ರವ್ಯಗಳಿಲ್ಲದ ಅಗ್ಗದ ಎಣ್ಣೆಗೆ ಹಿಂದಿರುಗಬಾರದು. ಅಮೆರಿಕೆಯ ಪೆಟ್ರೋಲಿಯಂ ಸಂಸ್ಥೆಯ ‘ಎಸ್ ಎ’ ಎಂಬ ವರ್ಗದ ಎಣ್ಣೆಯಲ್ಲಿ ಯಾವ ಪೂರಕ ದ್ರವ್ಯವೂ ಇಲ್ಲ. 1930ರ ಅನಂತರ ತಯಾರಾದ ಬಹುತೇಕ ಪೆಟ್ರೋಲ್ ಎಂಜಿನ್ನುಗಳಿಗೆ ಅದು ತಕ್ಕದ್ದಲ್ಲವೆಂದು ಆ ಸಂಸ್ಥೆಯೇ ಸಾರಿದೆ.

ಆಯ್ಕೆಗೆ ಮೊದಲು ಪರೀಕ್ಷೆ

ವೈದ್ಯನು ನಾಡಿಯನ್ನು ನೋಡದೆ ಮದ್ದು ಕೊಡುವುದಿಲ್ಲ. ಎಣ್ಣೆಯನ್ನು ಆರಿಸುವ ಮೊದಲು ಎಂಜಿನ್ನಿನ ಸ್ಥಿತಿಯನ್ನು ನಾಲ್ಕು ಬಗೆಯಲ್ಲಿ ಪರೀಕ್ಷಿಸಬಹುದು.

ಮೊದಲನೆಯದಾಗಿ, ಸಾವಿರ ಕಿಲೋಮೀಟರಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆಂಬುದನ್ನು ಅಳತೆಕಡ್ಡಿಯಿಂದ ನೋಡಿ ಬರೆದಿಡಬೇಕು. ಒಂದು ಸಲದ ಅಳತೆಗಿಂತ ಅದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದೆಯೆ ಎಂಬುದು ಮುಖ್ಯ. ಎರಡನೆಯದು, ಹೊಗೆ. ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು ಮತ್ತೆ ಒತ್ತಿದಾಗ ನೀಲಿ ಹೊಗೆ ಕಂಡರೆ ವಾಲ್ವ್ ಗೈಡುಗಳ ಸವೆತವನ್ನೂ, ಏರು ಹತ್ತುವಾಗ ಎಡೆಬಿಡದೆ ಕಂಡರೆ ರಿಂಗುಗಳ ಸವೆತವನ್ನೂ ಶಂಕಿಸಬೇಕು. ಮೂರನೆಯದು, ಸಿಲಿಂಡರಿನ ಒತ್ತಡದ ಪರೀಕ್ಷೆ. ಒಮ್ಮೆ ಹಾಗೆಯೇ ಅಳೆದು, ಅನಂತರ ಪ್ಲಗ್ಗಿನ ರಂಧ್ರದ ಮೂಲಕ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗುಗಳದ್ದು, ಏರದಿದ್ದರೆ ವಾಲ್ವುಗಳದ್ದು. ನಾಲ್ಕನೆಯದು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಂಬಿಕೆಗೆ ಅರ್ಹವಾದ ಮಾಪಕವನ್ನು ಜೋಡಿಸಿ ಎಣ್ಣೆಯ ಒತ್ತಡವನ್ನು ನೋಡುವುದು. ನಿಮಿಷಕ್ಕೆ ಸಾವಿರ ಸುತ್ತಿಗೆ ಚದರ ಅಂಗುಲಕ್ಕೆ ಹತ್ತು ಪೌಂಡಿನಂತೆ ಇದ್ದರೆ ಸಾಕು ಎಂಬುದು ಕುಶಲಕರ್ಮಿಗಳಲ್ಲಿ ಬಳಕೆಯಲ್ಲಿರುವ ಸ್ಥೂಲ ನಿಯಮ.

ನಿರ್ಣಯ

ಮೇಲಿನ ವಿವೇಚನೆಯಿಂದ ಆಯ್ಕೆಯ ಕ್ರಮವು ತಾನಾಗಿಯೇ ಹೊರಪಡುತ್ತದೆ. ಬಿಸಿಯಲ್ಲಿ ಒತ್ತಡ ಸರಿಯಾಗಿದ್ದು ಎಣ್ಣೆಯ ಖರ್ಚು ಅಲ್ಪವಾಗಿದ್ದರೆ 15ಡಬ್ಲ್ಯು-40 ಎಣ್ಣೆ ಸಾಕು. ಊರೊಳಗೆ ಕಿರುದೂರಗಳನ್ನು ಓಡಿ ಪದೇ ಪದೇ ತಣ್ಣಗಾಗುವ ಕಾರಿಗೆ, ಮಡಿಕೇರಿಯಂತಹ ತಂಪು ಸೀಮೆಯ ಕಾರಿಗೆ ಇದೇ ಒಳ್ಳೆಯದು. ಒತ್ತಡ ಕೊಂಚ ಇಳಿದಿದ್ದರೆ, ಅಥವಾ ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿ ದೂರ ಪ್ರಯಾಣ ಮಾಡಬೇಕಾಗಿದ್ದರೆ 20ಡಬ್ಲ್ಯು-50 ತಕ್ಕದ್ದು. ಎರಡರಲ್ಲಿಯೂ ರಂಜಕದ ಪ್ರಮಾಣವನ್ನು ವಿಚಾರಿಸಬೇಕು. ಇದಾದ ಮೇಲೆಯೂ ಒತ್ತಡ ನಿಲ್ಲದಿದ್ದರೆ ಮತ್ತೂ ದಪ್ಪವಾದ ಎಣ್ಣೆಯನ್ನು ಹುಡುಕದೆ ಬೇರಿಂಗುಗಳನ್ನು ಬಿಚ್ಚಿ ನೋಡಿಸಬೇಕು. ಆ ಹಂತದಲ್ಲಿ ಬೇರಿಂಗಿನ ಬಟ್ಟಲುಗಳನ್ನಷ್ಟೇ ಬದಲಾಯಿಸಿದರೆ ಸಾಕಾಗಬಹುದು. ಕಾಲ ಕಳೆದಂತೆ ಶಾಫ್ಟಿಗೇ ಗಾಯವಾಗಿ, ಖರ್ಚು ಹಲವು ಪಟ್ಟಾಗುತ್ತದೆ.

ಎಣ್ಣೆಯನ್ನು ಬದಲಾಯಿಸುವ ಅವಧಿಯನ್ನೂ ಮರೆಯಬಾರದು. ಕಾರ್ಬ್ಯುರೇಟರುಳ್ಳ ಎಂಜಿನ್ನಿನಲ್ಲಿ, ಅದರಲ್ಲಿಯೂ ಚೋಕ್ ಎಳೆದು ಹೊರಡಿಸಿದಾಗ, ಹೆಚ್ಚಿನ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೂಲಕ ಇಳಿದು ಎಣ್ಣೆಯಲ್ಲಿ ಬೆರೆಯುತ್ತದೆ. ಕಿರುದೂರದ ಓಟದಲ್ಲಿ ನೀರಿನ ಆವಿಯೂ ಅಲ್ಲಿಯೇ ತಣಿದು ಉಳಿಯುತ್ತದೆ. ಹೀಗೆ ಕೆಟ್ಟ ಎಣ್ಣೆಯು, ಕಾರು ಓಡದೆ ನಿಂತಿದ್ದರೂ, ಬೇರಿಂಗನ್ನು ತಿನ್ನುತ್ತಿರುತ್ತದೆ. ಆದಕಾರಣ ಐದು ಸಾವಿರ ಕಿಲೋಮೀಟರಿಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ, ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸುವುದು ಉಚಿತ. ಬೆಲೆ ಹೆಚ್ಚಿನ ಎಣ್ಣೆಯನ್ನು ಎರಡು ವರ್ಷ ಇಟ್ಟುಕೊಳ್ಳುವುದಕ್ಕಿಂತ ಸಾಧಾರಣ ಬೆಲೆಯ ಒಳ್ಳೆಯ ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವವನ ಎಂಜಿನ್ನು ಹೆಚ್ಚು ಬಾಳುತ್ತದೆ.

ಸವೆದುಹೋದ ಲೋಹವನ್ನು ಯಾವ ಎಣ್ಣೆಯೂ ಮರಳಿ ತರಲಾರದು. ಉಳಿದಿರುವುದನ್ನು ಉಳಿಸುವುದಷ್ಟೇ ಅದರ ಶಕ್ತಿ. ಹಳೆಯ ಕಾರಿನ ಒಡೆಯನು ಇದಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಡಬ್ಬಿಯ ಮೇಲಣ ಬಣ್ಣದ ಮಾತುಗಳಿಗಿಂತ ಮಾಪಕದ ಮುಳ್ಳನ್ನೂ ಅಳತೆಕಡ್ಡಿಯನ್ನೂ ಹೆಚ್ಚಾಗಿ ನಂಬುವನು.